ಗಾಜಿನ ಬಿಲ್ಲೆಯ ಮೇಲಿನ ಕುಂಕುಮ

ಮೊನ್ನೆ ಯಳಂದೂರಿನ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿನ ಸೀರೆಯಿಂದ ಬೆಂದ ರೇಷ್ಮೆಗೂಡಿನ ವಾಸನೆ ಬಂತು. ಎಷ್ಟು ಒಗೆದರೂ ಹೋಗದ ವಾಸನೆ ಅದು. ಕೊಳ್ಳೇಗಾಲದಲ್ಲಿ ನೂಲು ತೆಗೆಯುತ್ತಿದ್ದ ಅಷ್ಟೂ ವರ್ಷ ನನ್ನ ಮೈಯಲ್ಲೂ ಇತ್ತು. ಅದರ ಜೊತೆಗೆ ಜಪಾನಿನ ಇಂಜಿನಿಯರ್ ನೆನಪಾದರು...

ನಮ್ಮ ಮಾಲೀಕರು ತರಿಸಿದ ಹೊಸ ಮಿಷನ್ನು ಕೂರಿಸಿ, ಕೆಲಸ ಕಲಿಸಲು ಬಂದಿದ್ದರು ಅವರು. ಮೂವತ್ತರ ಆಸುಪಾಸು, ತೆಳ್ಳನೆಯ ಆಳು. ಆ ಮಿಷನ್ನಿನಲ್ಲಿ ಪ್ರತಿ ಎಳೆಯೂ ಎರಡು ಸಣ್ಣ ಗಾಜಿನ ಬಿಲ್ಲೆಗಳ ಸಂದಿಯಲ್ಲಿ ಹಾದುಹೋಗಬೇಕು. ಎಳೆ ತೆಳುವಾದರೆ ಬಿಲ್ಲೆಗೇ ಗೊತ್ತಾಗಿ, ಮಿಷನ್ನು ಇನ್ನೊಂದು ಗೂಡನ್ನು ಸೇರಿಸುತ್ತದೆ. ಇದನ್ನು ಅವರು ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಕಲಿಸಿದರು.

ಅವರಿಗೆ ಬಾಹ್ಯಾಕಾಶಕ್ಕೆ ಹೋಗುವ ಆಸೆಯಿತ್ತು. ಅವರ ದೇಶದಲ್ಲಿ ಅದಕ್ಕೆ ಆಯ್ಕೆ ನಡೆಯುವುದು ಎಷ್ಟೋ ವರ್ಷಕ್ಕೊಮ್ಮೆಯಂತೆ. ಆ ಸಲ ಪರೀಕ್ಷೆಗೆ ಕರೆ ಬಂದಿತ್ತು. ವಿಜಯದಶಮಿಯ ಮಾರನೆಯ ದಿನವೇ ಹೊರಡಬೇಕಿತ್ತು, ತಡವಾದರೆ ತಲುಪುವಂತಿರಲಿಲ್ಲ.

"ಈ ಸಾ ಮ್ಯಾಲಕ್ ಓಯ್ತರಂತೆ ಕಣಮ್ಮಿ," ಎಂದಳು ನನ್ನ ಪಕ್ಕ ಕೆಲಸ ಮಾಡುತ್ತಿದ್ದ ಮುಳ್ಳೂರಿನ ಅಕ್ಕ. "ಅನೂರ್ಗೆ ಓಗೋ ಬಸ್ಸಲ್ ಕುಂತ್ರೇ ವಾಂತಿ ಮಾಡ್ಕತರೆ. ಅಲ್ಲಿಗೆಂಗ್ ಓದಾರು?"

"ಅಭ್ಯಾಸ ಮಾಡ್ತೀನಿ ಅಕ್ಕ," ಎಂದು ಅವರೂ ನಕ್ಕರು.

ಆಯುಧಪೂಜೆಯ ದಿನ ಮಿಷನ್ನಿಗೆ ಗಂಧ ಕುಂಕುಮ ಇಡುವ ಕೆಲಸ ನನ್ನದಾಗಿತ್ತು. ಬಿಲ್ಲೆಗಳೇ ಮಿಷನ್ನಿನ ಕಣ್ಣು ಎಂದುಕೊಂಡು ಒಂದನ್ನೂ ಬಿಡದೆ ಬೊಟ್ಟಿಟ್ಟೆ.

ಮರುದಿನ ಓಡಿಸಿದರೆ ಎಳೆಗಳು ತೆಳುವಾಗಿ ಕಡಿದುಹೋದವು. ಅವರು ಮೋಟಾರು ಬಿಚ್ಚಿದರು, ನೀರಿನ ಬಿಸಿ ನೋಡಿದರು, ಸರಪಳಿ ಕಳಚಿ ಜೋಡಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಿಗೆ ಬಿತ್ತು... ಬೊಟ್ಟು ತಾನಾಗಿ ಉದುರಿದ್ದ ಒಂದೇ ಕಡೆ ಎಳೆ ಸರಿಯಾಗಿ ಬರುತ್ತಿತ್ತು. ಬೊಟ್ಟಿನಿಂದ ಸಂದಿ ಕಿರಿದಾಗಿ ತೆಳು ಎಳೆಯೂ ಬಿಲ್ಲೆಗೆ ದಪ್ಪ ಅನ್ನಿಸುತ್ತಿದೆ ಎಂದು ಆಗಲೇ ತಿಳಿಯಿತು. ಹೇಳಲಿಲ್ಲ. ಮಾಲೀಕರ ಭಯವಿತ್ತು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ನಾನೇ ಇಟ್ಟ ಕುಂಕುಮವನ್ನು ಒರೆಸಲು ಕೈ ಬರಲಿಲ್ಲ.

ಹೊರಡುವ ದಿನವೂ ಅವರು ಮಿಷನ್ನಿನ ಅಡಿಯಲ್ಲೇ ಇದ್ದರು.

"ಓಗಿ ಸಾ, ನಿಮ್ ಪರೀಕ್ಷೆ ತಪ್ಪೋಯ್ತದೆ," ಎಂದಳು ಅಕ್ಕ.

"ಮಿಷನ್ ನಿಂತಿದೆ ಅಕ್ಕ," ಎಂದರು. ಅಷ್ಟೇ.

ಅದರ ಮರುದಿನ ಬೆಳಿಗ್ಗೆ ನನ್ನ ಬಳಿ ಬಂದು, ತಲೆ ಬಾಗಿಸಿ, ಬಿಲ್ಲೆ ತೋರಿಸಿದರು. "ಇದು ದೇವರದು. ಮುಟ್ಟಬಾರದು ಅಂತ ಬೇರೆ ಎಲ್ಲ ನೋಡಿದೆ. ಈಗ ತೆಗೆಯಬಹುದಾ?"

"ತೆಗೀರಿ ಸಾ," ಎಂದೆ.

ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ಆ ನೀರನ್ನು ಅಂಗಳದ ತುಳಸಿಯ ಬುಡಕ್ಕೆ ಹಿಂಡಿದರು. ಅರ್ಧ ಗಂಟೆಯಲ್ಲಿ ಮಿಷನ್ನು ಓಡಿತು. ನನಗೆ ಮೊದಲೇ ಗೊತ್ತಿತ್ತು ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಆ ಸಲದ ಪರೀಕ್ಷೆ ತಪ್ಪಿತು. ಎಷ್ಟೋ ವರ್ಷಗಳ ಮೇಲೆ ಅವರು ಬಾಹ್ಯಾಕಾಶಕ್ಕೆ ಹೋದರು. ಟಿವಿಯಲ್ಲಿ ನೋಡಿದೆ. ಕೂದಲು ನರೆತಿತ್ತು. ತೇಲುತ್ತಲೇ ಯಾವುದೋ ಕೆಟ್ಟುಹೋದ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುತ್ತಿದ್ದರು. ನಮ್ಮಲ್ಲಿ ಮಾಡುತ್ತಿದ್ದಷ್ಟೇ ನಿಧಾನವಾಗಿ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿಯನ್ನು ನನ್ನ ಮಗಳು ಫೋನಿನಲ್ಲಿ ಓದಿದಳು. ತಡವಾಗಿ ಆಯ್ಕೆಯಾದವರು, ವಯಸ್ಸಿನ ಕಾರಣಕ್ಕೆ ಒಂದೇ ಸಲ ಹೋಗಿಬಂದರು ಎಂದಿತ್ತು.

"ಮೊದ್ಲೇ ಅವಕಾಶ ಸಿಕ್ಕಿದ್ರೆ ಇನ್ನೊಂದ್ ಸಲ ಓಯ್ತಿದ್ರೇನೋ, ಅಲ್ವಾ ಅವ್ವ?" ಎಂದಳು.

ಹೂಂ ಎಂದೆ. ಅವಳಿಗೂ ಹೇಳಲಾಗಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ, ಓದಬೇಕಾಗಿದ್ದವರು ಇಲ್ಲ.