ಎದುರುಮನೆಯ ಬ್ರೇಕು

ನಮ್ಮ ಯಜಮಾನರು ಮನೆ ಮುಂದೆ ಸೈಕಲ್ಲಿನ ಹೊಸ ಬ್ರೇಕ್ ಅದುಮಿದ ಗಳಿಗೆಯಲ್ಲೇ ಎದುರುಮನೆಯ ನಂಜಪ್ಪನವರು ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದರು. ಸೈಕಲ್ಲು ನಿಂತಿತು, ಯಜಮಾನರು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ, ನಾನು ಒಣಗಲು ಹರವಿದ್ದ ಕಡಲೆಕಾಯಿಯ ನಡುವೆ ಹೋಗಿ ಕುಳಿತರು.

ಮಹಾಯುದ್ಧಕ್ಕೂ ಮುಂಚಿನ ಆ ಸೈಕಲ್ಲಿನ ಬ್ರೇಕ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ದಿನಾ ಸಾಯಂಕಾಲ ಯಜಮಾನರು ಹಿಂದೂಪುರದಿಂದ ಬಂದಾಗ ನಂಜಪ್ಪನವರೇ ಜಗಲಿಯಿಂದ ಇಳಿದು ಬಂದು ಹಿಡಿದು ನಿಲ್ಲಿಸುತ್ತಿದ್ದರು. ಕಲ್ಯಾಣದುರ್ಗದ ಅಂಗಡಿ ಮುಚ್ಚಿ ಎದುರಿನ ಮಗಳ ಮನೆ ಸೇರಿದ್ದ ಅವರಿಗೆ ಅದೊಂದೇ ಉದ್ಯೋಗ. ಅಂದು ಯಜಮಾನರು ಹಿಂದೂಪುರದಲ್ಲಿ ಹಳೇ ಕಡ್ಡಿ ಬ್ರೇಕ್ ಬಿಚ್ಚಿಸಿ ತಂತಿಯದು ಹಾಕಿಸಿದ್ದು ಅವರಿಗೆ ಗೊತ್ತಿರಲಿಲ್ಲ.

“ಹೊಸಾ ಬ್ರೇಕ್ ಹಾಕ್ಸಿದೀನಿ ಮಾವ, ಇನ್ಮೇಲೆ ನೀವು ಹಿಡೀಬೇಕಾಗಿಲ್ಲ,” ಎಂದರು ಯಜಮಾನರು, ಪಂಚೆ ಕೊಡವುತ್ತಾ.

ನಂಜಪ್ಪನವರ ಮುಖ ಸಣ್ಣದಾಯಿತು. “ಹಂಗಾದ್ರೆ ಸಾಯಂಕಾಲ ನಾನ್ಯಾಕಪ್ಪ ಜಗಲಿ ಮೇಲೆ ಕುಂತ್ಕಬೇಕು?”

ಈಗ ಯಜಮಾನರು ಹಿಂದೂಪುರದಲ್ಲೆಲ್ಲ ಬ್ರೇಕ್ ಹಿಡಿಯುತ್ತಾರೆ. ನಮ್ಮ ಬೀದಿಗೆ ತಿರುಗಿದೊಡನೆ ಮಾತ್ರ ಬೆರಳು ಸಡಿಲಿಸಿ, “ಮಾವಾ, ಬಂದೆ, ಹಿಡ್ಕಳ್ಳಿ,” ಎಂದು ಕೂಗುತ್ತಾರೆ. ನಂಜಪ್ಪನವರು ಓಡಿಬಂದು ಹಿಡಿದು ನಿಲ್ಲಿಸಿ, “ಹಿಂದೂಪುರದ ಬ್ರೇಕಿನ ಹಣೆಬರಾನೇ ಇಷ್ಟು ಕಣಮ್ಮ,” ಎನ್ನುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ.