ನೇತ್ರಾವತಿ ಮೀನಿನ ಐದನೇ ದಿನ

ಸವದತ್ತಿ ಡಿಪೋದಲ್ಲಿ ಡ್ರೈವರ್ ಮಡಿವಾಳೆಪ್ಪನನ್ನು ಬೆನ್ನ ಹಿಂದೆ ಎಲ್ಲರೂ ಮೀನಪ್ಪ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆಯುವ ಧೈರ್ಯ ನನಗೊಬ್ಬನಿಗೆ ಇತ್ತು. ಧರ್ಮಸ್ಥಳಕ್ಕೆ ಹೋಗಿ ರಾತ್ರಿ ಅಲ್ಲೇ ತಂಗುವ ವಸ್ತಿ ಬಸ್ಸಿಗೆ ಅವನು ಡ್ರೈವರ್, ನಾನು ಕಂಡಕ್ಟರ್. ಲಿಂಗ ಕಟ್ಟಿಕೊಂಡ ಮನುಷ್ಯ, ತತ್ತಿಯನ್ನೂ ಮುಟ್ಟದವನು, ಸೀಟಿನ ಪಕ್ಕ ಮೀನಿನ ಕ್ಯಾನ್ ಇಟ್ಟುಕೊಂಡು ಘಟ್ಟ ಹತ್ತಿದರೆ ಜನ ಸುಮ್ಮನಿರುತ್ತಾರೆಯೇ?

ಆ ಮೀನು ಅವನ ಕಣ್ಣಿಗೆ ಬಿದ್ದದ್ದು ನೇತ್ರಾವತಿಯ ದಂಡೆಯಲ್ಲಿ, ಬಲೆ ಜಾಡಿಸುತ್ತಿದ್ದ ಒಬ್ಬನ ಬುಟ್ಟಿಯೊಳಗೆ. ಕರಾವಳಿಯ ಹೋಟೆಲಿನ ತಾಟಿಗೆ ಬರುವ ಮಾಮೂಲಿ ಪರ್ಲ್‌ಸ್ಪಾಟ್ ಅಂತ ನಾನಂದೆ. ಅವನು ಒಪ್ಪಲಿಲ್ಲ. ಮಾಮೂಲಿಯದರ ಪಟ್ಟೆ ಮಸುಕು. ಇದರ ಪಟ್ಟೆ ಕಾಡಿಗೆ ತೀಡಿದಷ್ಟು ಕಪ್ಪು, ನಡುವೆ ಬಿಳಿ ಚುಕ್ಕಿಗಳ ಸಾಲು. ಮೊಬೈಲಿನಲ್ಲಿ ಫೋಟೋ ತೆಗೆದು ಮೀನು ಸಾಕುವವರ ಗುಂಪಿಗೆ ಹಾಕಿದ. ಕೆನರಾ ಪರ್ಲ್‌ಸ್ಪಾಟ್, ಸಿಕ್ಲಿಡ್ ಜಾತಿಯದು, ಆ ಸೀಮೆಯ ಹೊಳೆಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು ಉತ್ತರ ಬಂತು. ಆ ದಿನ ಅವನ ಹಿಗ್ಗು ನೋಡಬೇಕಿತ್ತು. ಆರು ಮರಿ ತಂದ. ಬದುಕಿದ್ದು ಎರಡು.

ಹೆಂಡತಿ ಸಾವಿತ್ರೆವ್ವ ಮೊದಲು ತಕರಾರು ತೆಗೆದಳು. "ಅವು ಪಡಸಾಲ್ಯಾಗ ಇರ್ಲಿ, ನಾ ಅಡಗಿ ಮನ್ಯಾಗ ಇರತೇನಿ. ನಡುವ ನೀವು ಓಡ್ಯಾಡ್ರಿ," ಎಂದಿದ್ದಳು. ಆದರೆ ಆ ಮೀನು ಕುದಿಸಿದ ಪಾಲಕ, ಬಟಾಣಿ ತಿನ್ನುವುದನ್ನು ಕಂಡ ಮೇಲೆ ಮೆತ್ತಗಾದಳು. ಬಂದವರ ಮುಂದೆ, "ನಮ್ಮ ಮೀನ ಶುದ್ಧ ಶಾಖಾಹಾರಿ ಅದಾವ, ನಿಮಕಿಂತ ಪಾಡ," ಎಂದು ಕಿಚಾಯಿಸುತ್ತಿದ್ದಳು. ನಳದ ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ಇಟ್ಟು ಹಾಕಬೇಕು, ಬೋರಿನ ಗಡುಸು ನೀರು ಕೂಡದು ಎಂದು ಗಂಡ ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು.

ಆ ಮನೆಯ ದುಃಖವನ್ನೂ ಹೇಳಬೇಕು. ಹದಿನೆಂಟು ವರ್ಷದ ಹಿಂದೆ ಸಾವಿತ್ರೆವ್ವ ರಾಮದುರ್ಗದ ತವರಿನಲ್ಲಿ ಹೆಣ್ಣು ಕೂಸು ಹಡೆದಿದ್ದಳು. ನಮ್ಮ ಕಡೆ ಐದನೇ ದಿನ ಶೆಟ್ಟೆವ್ವ ತಾಯಿ ಬಂದು ಹಣೆಬರಹ ಬರೆಯುತ್ತಾಳೆಂದು ಕೂಸಿನ ಮುಂದೆ ದೀಪ ಹಚ್ಚಿ, ಹಾಳೆ-ಪೆನ್ನು ಇಡುತ್ತಾರೆ. ಆ ಕೂಸು ನಾಲ್ಕನೇ ದಿನವೇ ಹೋಯಿತು. ಮುಂದೆ ಅವರಿಗೆ ಮಕ್ಕಳಾಗಲಿಲ್ಲ.

ಕಳೆದ ವರ್ಷ ಮೀನಿನ ಜೋಡಿ ತತ್ತಿ ಇಟ್ಟಿತು. ಎರಡು ಸಲ ತಾವೇ ತಿಂದು ಹಾಕಿದವು. ಮೂರನೇ ಸಲ ತತ್ತಿ ಒಡೆದು ಮರಿ ಹೊರಬಂದವು. ದೊಡ್ಡ ಮೀನುಗಳು ಮರಿಗಳನ್ನು ಬಾಯಿಯಲ್ಲಿ ಎತ್ತುವುದನ್ನು ಕಂಡು ಸಾವಿತ್ರೆವ್ವ, "ತಿನ್ನಾಕ ಹತ್ಯಾವರಿ," ಎಂದು ಅತ್ತಳಂತೆ. ತಿನ್ನಲಿಲ್ಲ. ತಳದ ಮರಳಿನಲ್ಲಿ ತಾವೇ ತೋಡಿದ ಒಂದು ಕುಣಿಯಿಂದ ಇನ್ನೊಂದು ಕುಣಿಗೆ ಒಯ್ದು ಮೆಲ್ಲಗೆ ಉಗುಳಿದವು. ಅವತ್ತಿನಿಂದ ಅವಳು ಗಾಜಿನ ಮುಂದಿನಿಂದ ಏಳಲೇ ಇಲ್ಲ ಎಂದು ಅವನು ಮುಂದಿನ ಟ್ರಿಪ್ಪಿನ ದಾರಿಯುದ್ದಕ್ಕೂ ಹೇಳಿದ. ಡ್ಯೂಟಿ ಮುಗಿಸಿ, ಮರಿ ನೋಡಲು ನಾನೂ ಅವನ ಬೆನ್ನು ಹತ್ತಿ ಹೋದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಮರಿಗಳ ಹೆಸರಿನಲ್ಲಿ ಮಾಡಿದ ಹುಗ್ಗಿ ಕೊಡಲು ಉಗರಗೋಳದ ಅಕ್ಕನ ಮನೆಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಎಂದರು ಪಕ್ಕದ ಮನೆಯವರು. ಗಾಜಿನ ತೊಟ್ಟಿಯ ಮುಂದೆ ದೀಪ ಉರಿಯುತ್ತಿತ್ತು. ಮೊರದಲ್ಲಿ ಹಾಳೆ, ಪೆನ್ನು. ತೊಟ್ಟಿಯ ನೀರು ಹಳದಿ. ಎಲ್ಲಮ್ಮನ ಗುಡ್ಡದ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಅವಳು ಮುಷ್ಟಿಗಟ್ಟಲೆ ಹಾಕಿದ್ದಳು. ಮರಿಗಳು ಸತ್ತು ತಳದಲ್ಲಿ ಗಸಿಯಂತೆ ಕೂತಿದ್ದವು. ಹೆಣ್ಣು ಮೀನು ಅಡ್ಡಲಾಗಿ ತೇಲುತ್ತಿತ್ತು, ಕಿವಿರುಗಳ ತುಂಬ ಹಳದಿ.

ನಾನು ಬಕೆಟ್ ಹೊತ್ತೆ, ಅವನು ನೀರು ಬದಲಿಸಿದ. ಗಂಡು ಮೀನು ಉಳಿಯಿತು. ಹೆಣ್ಣು ಅವನ ಅಂಗೈಯಲ್ಲೇ ಸತ್ತಿತು.

"ಇವತ್ತ ಐದನೇ ದಿನ, ಸತ್ಯಪ್ಪಾ," ಎಂದ. "ಆಕಿಗೆ ಹೇಳಬ್ಯಾಡ. ಕೂಸ ಹೋದಾಗ ನನ್ನ ಹಾಲ ಸರಿ ಇರಲಿಲ್ಲ ಅಂತ ಎಷ್ಟು ವರ್ಷ ಎದಿ ಬಡಕೊಂಡಾಳ. ಇದನ್ನೂ ತನ್ನ ತಲಿ ಮ್ಯಾಲೆ ಹಾಕ್ಕೊಂಡರ ಉಳಿಯಂಗಿಲ್ಲ."

ಮರುದಿನ ಬೆಳಗ್ಗೆ ನಾನು ಮತ್ತೆ ಹೋಗುವಷ್ಟರಲ್ಲಿ ಸಾವಿತ್ರೆವ್ವ ಬಂದು ತೊಟ್ಟಿಯ ಮುಂದೆ ನಿಂತಿದ್ದಳು. "ನೀರ ಬದಲಿ ಮಾಡಿದೆ. ಲಕ್ಷ್ಯ ಇರಲಿಲ್ಲ, ಬೋರಿನ ನೀರ ಹಾಕಿಬಿಟ್ಟೆ," ಎಂದು ಮಡಿವಾಳೆಪ್ಪ ಹೇಳುತ್ತಿದ್ದ.

"ನಾ ಭಂಡಾರ ಹಾಕಿದ್ದೆ. ಅದಕ್ಕೇನರ...?"

"ಭಂಡಾರದಿಂದ ಏನಾಗತೈತಿ? ಅದು ಔಷಧ ಇದ್ದಂಗ."

ಅವಳು ಅವನನ್ನು ನೋಡಿದಳು. ಅವಳ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅವತ್ತೂ ಹಿಂಗ ಮಾಡಿದ್ರಿ. ಕೂಸಿನ ಮೈ ಸುಡಾಕ ಹತ್ತೇತಿ ಅಂತ ಫೋನ್ ಮಾಡಿಸಿದ್ದೆ. ಡ್ಯೂಟಿ ಮುಗಿಸಿ ಬರತೇನಿ ಅಂದ್ರಿ. ಇಷ್ಟು ವರ್ಷ ನನ್ನನ್ನ ನಾ ಬೈಕೊಂಡೆ. ನಿಮ್ಮ ಕೈಯಾಗ ಯಾವ ಜೀವಾನೂ ನಿಲ್ಲಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ವೈನಿ," ಎಂದು ಅತ್ತಿಗೆಯ ಕಡೆ ತಿರುಗಿದೆ. ಮಡಿವಾಳೆಪ್ಪ ನನ್ನ ಮಣಿಕಟ್ಟು ಹಿಡಿದ. ಬಸ್ಸಿನ ಗೇರು ಹಿಡಿಯುವ ಕೈ ಅದು, ನನ್ನ ಕೈ ನೋಯಿತು.

"ಹೌದು," ಎಂದ. "ಎರಡೂ ನಂದ ತಪ್ಪು."

ಎಂಥ ಹುಚ್ಚ ಈ ಮನುಷ್ಯ ಎಂದು ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಸಾವಿತ್ರೆವ್ವ ಕಣ್ಣೊರೆಸಿಕೊಂಡು ಸೆರಗಿನ ಗಂಟು ಬಿಚ್ಚಿದಳು. ಬೆಳಗ್ಗೆ ಅಕ್ಕನ ಜೊತೆ ಗುಡ್ಡ ಹತ್ತಿ ತಂದ ಹೊಸ ಭಂಡಾರ.

"ಇದೊಂದರ ಉಳೀಲಿ," ಎಂದಳು. "ಏನೂ ಆಗಂಗಿಲ್ಲ ಹೌದಿಲ್ಲ?"

ತೊಟ್ಟಿಯಲ್ಲಿ ಗಂಡು ಮೀನು ಮರಿಗಳಿದ್ದ ಖಾಲಿ ಕುಣಿಯ ಮೇಲೆ ಕಾವಲು ನಿಂತಿತ್ತು. ಮಡಿವಾಳೆಪ್ಪ ಅದನ್ನೊಮ್ಮೆ ನೋಡಿದ.

"ಏನೂ ಆಗಂಗಿಲ್ಲ," ಎಂದ.

ಅವಳು ಮುಷ್ಟಿ ತುಂಬ ತೆಗೆದು ನೀರಿಗೆ ಹಾಕಿದಳು, ಕೈಮುಗಿದು ಗಾಜಿನ ಮುಂದೆ ಕುಳಿತಳು. "ಇನ್ನ ಮ್ಯಾಲೆ ಈ ನೀರ ನೀವು ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲ," ಎಂದು ಮಡಿವಾಳೆಪ್ಪ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತ.