ಅಕ್ಕ ಕೇಳಿದ್ದ ಒಂದು ಖೋಲಿ

ಪ್ರತಿ ಮಾರ್ಚ್ ಎಂಟಕ್ಕೆ ಸುರಪುರದಲ್ಲೋ ಶಹಾಪುರದಲ್ಲೋ ಯಾರಾದರೂ ನನ್ನನ್ನು ಭಾಷಣಕ್ಕೆ ಕರೆಯುತ್ತಾರೆ. ಹೈಸ್ಕೂಲ್ ಮೇಡಂ ಚಲೋ ಮಾತಾಡ್ತಾರ ಅನ್ನುವ ಹೆಸರಿದೆ. ಶಾಲು ಹೊದಿಸಿಕೊಂಡು ನಮ್ಮೂರಿನ ಹೆಂಗಸರ ಸಂಘದ ಕಥೆ ಹೇಳುತ್ತೇನೆ, ಅದಕ್ಕೆ ಅಡ್ಡ ಬಂದವರನ್ನು ಒಬ್ಬೊಬ್ಬರನ್ನಾಗಿ ಝಾಡಿಸುತ್ತೇನೆ. ಸಾರಾಯಿ ಅಂಗಡಿಯವನು, ಚಾವಡಿ ಕಟ್ಟೆಯ ಹಿರಿಯರು, ನಮ್ಮಪ್ಪ. ಜನ ಚಪ್ಪಾಳೆ ಹೊಡೆಯುತ್ತಾರೆ. ಆ ಸಾಲಿನಲ್ಲಿ ನನ್ನನ್ನು ಸೇರಿಸುವ ಧೈರ್ಯ ಇದುವರೆಗೂ ಬಂದಿಲ್ಲ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನಡುವೆ ಅಣ್ಣ. ಅವಳನ್ನು ಅದೇ ಊರಿನ ಕೆಳಗಿನ ಓಣಿಗೆ ಕೊಟ್ಟಿದ್ದರು. ಶಾಲೆಯ ಮುಖ ನೋಡಿದವಳಲ್ಲ. ಮದುವೆಯಾದ ಮೇಲೆ ಸಂಘಕ್ಕೆ ಹೋಗಿ, ಪಾಟಿಯ ಮೇಲೆ ಗೀಚಿ ಗೀಚಿ ತನ್ನ ಹೆಸರು ಬರೆಯಲು ಕಲಿತಳು. ಸಂಘಕ್ಕೆ ಹೋಗುವವರು ಗಂಡನನ್ನು ಬಿಡುವವರು ಎಂದು ಚಾವಡಿಯಲ್ಲಿ ಕುಳಿತವರು ಆಡಿಕೊಂಡರು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ.

ನನ್ನ ಏಳನೇ ಇಯತ್ತೆ ಮುಗಿದಾಗ ಅಪ್ಪ, ಸಾಕು, ಇನ್ನು ಕಳೆ ತೆಗೆಯಲು ಹೋಗಲಿ ಎಂದ. ಮರುದಿನ ಮುಂಜಾನೆ ಅಕ್ಕ ಸಂಘದ ಹತ್ತು ಹೆಂಗಸರನ್ನು ಕರೆತಂದು ನಮ್ಮ ಅಂಗಳದಲ್ಲಿ ಕುಳಿತಳು.

"ತಂಗೀನ ಹೈಸ್ಕೂಲಿಗೆ ಕಳಿಸ್ತೀನಿ ಅನ್ನೂತನಕ ಏಳಂಗಿಲ್ಲ ಯಪ್ಪಾ."

ಅಪ್ಪ ಬಾಯಿಗೆ ಬಂದಂತೆ ಬೈದ. ಬಿಸಿಲು ನೆತ್ತಿಗೆ ಬಂತು, ಯಾರೂ ಅಲುಗಲಿಲ್ಲ. ಓಣಿಯ ಜನ ನೆರೆದ ಮೇಲೆ ಮರ್ಯಾದೆಗೆ ಅಂಜಿ, "ಹಾಳಾಗಿ ಹೋಗ್ಲಿ, ಕಳಸ್ರಿ" ಎಂದು ಹೊಲಕ್ಕೆ ಎದ್ದು ಹೋದ. ಆ ಜೂನ್‌ನಲ್ಲಿ ನಾನು ಸುರಪುರದ ಬಸ್ಸು ಹತ್ತಿದೆ. ಇವತ್ತು ತಿನ್ನುವ ಅನ್ನ ಆ ಬಿಸಿಲಿನದು.

ಅಪ್ಪ ತೀರಿಕೊಂಡ ಕೆಲವು ವರ್ಷಕ್ಕೆ ಅಕ್ಕನ ಗಂಡನೂ ಹೋದ. ಗಂಡನ ಮನೆಯವರು ನಿನಗೆ ಇಲ್ಲೇನೂ ಇಲ್ಲ ಅಂದರು. ಪುಟ್ಟ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳಿಗೆ ಅಣ್ಣ ದನದ ಕೊಟ್ಟಿಗೆ ಪಕ್ಕದ ಖೋಲಿ ಬಿಟ್ಟುಕೊಟ್ಟ. ಅದೇ ಸಮಯದಲ್ಲಿ ಮನೆ, ಕಾಲುವೆ ಕೆಳಗಿನ ಹೊಲ ಎಲ್ಲ ಅವನ ಹೆಸರಿಗೆ ಆಗಬೇಕಿತ್ತು. ಹೆಣ್ಣುಮಕ್ಕಳಿಬ್ಬರೂ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಕು. ಅಕ್ಕ ಒಂದೇ ಮಾತು ಹೇಳಿದಳು: "ಹೊಲ ನನಗ ಬ್ಯಾಡ. ಆ ಖೋಲಿ ಒಂದು ನನ್ನ ಹೆಸರಿಗೆ ಬರೀರಿ."

ಅಣ್ಣ ಶಹಾಪುರಕ್ಕೆ, ನನ್ನ ಮನೆಗೆ ಬಂದ. "ನೀನರ ಹೇಳು. ಅಕ್ಕನ್ನ ನಾ ಹೊರಗ ಹಾಕ್ತೀನೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನನಗೆ ಅವನ ಮೇಲೆ ಕರುಣೆ ಬಂತು. ಸರ್ಕಾರಿ ಸಂಬಳದವಳು, ಹಕ್ಕು ಬಿಡುವುದು ನನಗೇನು ಭಾರ? ಅಕ್ಕನಿಗೆ ಹೇಳಿದೆ: "ಅಂಥಾದ್ದೆಲ್ಲ ಬರಸಂಗಿಲ್ಲ ಅಕ್ಕಾ. ಪಾಲು ಕೇಳಿದ್ರ ತವರುಮನಿ ಬಾಗಿಲಾ ಮುಚ್ಚತೈತಿ." ಚಾವಡಿಯ ಹಿರಿಯರು ಆಡುತ್ತಿದ್ದ ಮಾತೇ ಅದು ಎಂದು ಆಗ ನನಗೆ ಹೊಳೆಯಲೂ ಇಲ್ಲ.

"ನೀ ಓದಿದಾಕಿ. ನೀ ಹೇಳಿದ್ರ ಮುಗೀತು," ಎಂದಳು.

ನೋಂದಣಿ ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ನಾನೇ ಪತ್ರ ಓದಿ ಹೇಳಿದೆ, ಗಡಬಡಿಸಿ. ಒಳಗೆ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ, ಸಂಘದಲ್ಲಿ ಕಲಿತ ತನ್ನ ಹೆಸರು ಬರೆದಳು. ಹೊರಗೆ ಬಂದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ಅಣ್ಣನ ಹೆಂಡತಿ ನನಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕುಬಸದ ಖಣ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲವಲ್ಲ, ಅಕ್ಕನ ಕೈಗೆ ಒಂದು ಸೀರೆ ಇಟ್ಟಳು. ನಾನು ತುಂಬಿದ ಉಡಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಕೆಲವು ವರ್ಷಗಳ ನಂತರ ಅಣ್ಣನ ಮಗನ ಮದುವೆ ಗೊತ್ತಾಯಿತು. ಹೊಸ ಸೊಸೆಗೆ ಖೋಲಿ ಬೇಕಾಯಿತು. ಸ್ವಲ್ಪ ದಿನ ಬೇರೆ ಕಡೆ ನೋಡಿಕೋ ಎಂದನಂತೆ ಅಣ್ಣ, ಅಕ್ಕನಿಗೆ. ನಾನು ಓಡಿಹೋಗಿ ಜಗಳ ತೆಗೆದೆ. ಅವನು ಸಿಟ್ಟು ಮಾಡಲೇ ಇಲ್ಲ.

"ನೀನ ಓದಿ ಹೇಳಿದ್ಯಲ್ಲ ತಂಗಿ. ಖೋಲಿ ಅಂತ ಅದರಾಗ ಎಲ್ಲೈತಿ?"

ಅಕ್ಕನನ್ನೂ ಮಗಳನ್ನೂ ನನ್ನ ಮನೆಗೆ ಕರೆತಂದೆ. ತಂಗಿ ಗಂಡನ ಮನೆಯಲ್ಲಿ ಎಷ್ಟು ದಿನ ಕುಳಿತು ಉಣ್ಣಲಿ ಎಂದು ಹದಿನೈದು ದಿನಕ್ಕೇ ಹೋದಳು. ಈಗ ಊರಂಚಿನಲ್ಲಿ ತಗಡಿನ ಶೆಡ್ಡು, ಕೂಲಿ. ಒಮ್ಮೆ ಸುರಪುರದಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡಳು: ನಮ್ಮದೇ ಹೊಲದಲ್ಲಿ, ಕೂಲಿ ಹೆಂಗಸರ ಸಾಲಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದಳು. ನಾನು ಬಸ್ಸು ಇಳಿಯಲಿಲ್ಲ.

ಹೋದ ಮಾರ್ಚಿನ ಭಾಷಣ ಮುಗಿಸಿ ಮನೆಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದಳು.

"ಆ ಕಾಗದ ಐತೇನು? ಇನ್ನೊಮ್ಮೆ ಓದು. ಅವತ್ತು ಲಗುಲಗು ಓದಿದ್ದಿ. ನಮಗ ಮನಿ ಯಾಕಿಲ್ಲ ಅಂತ ಮಗಳು ಕೇಳ್ತಾಳ. ಆಕಿಗೆ ಹೇಳಬೇಕು."

ನಕಲು ಹುಡುಕಿ ತಂದು ನಿಧಾನವಾಗಿ ಓದಿದೆ. ಕೊನೆಯ ಸಾಲು ಹೀಗಿತ್ತು: ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿರುತ್ತೇವೆ.

"ಹಂಗ ಐತೇನು?"

"ಹೂಂ ಅಕ್ಕಾ."

ಅವಳು ತನ್ನ ಸಹಿಯ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ, ಸಿಟ್ಟಿನ ಸುಳಿವೂ ಇಲ್ಲದೆ ಹೇಳಿದಳು: "ನೀ ಸಾಲಿ ಕಲೀಲಿ ಅಂತ ಅಂಗಳದಾಗ ಕುಂತಾಗ ಅಪ್ಪ ಎಷ್ಟು ಬೈದ, ನಾ ಏಳಲಿಲ್ಲ. ಖೋಲಿ ಕೇಳಿದಾಗ ನೀ ಒಂದ ಮಾತು ಹೇಳಿದಿ, ಎದ್ದುಬಿಟ್ಟೆ ನೋಡು."

ಬಸ್ಸಿನ ಹೊತ್ತಾಯಿತೆಂದು ಚೀಲ ಎತ್ತಿಕೊಂಡಳು.